ಕನ್ನಡಕದ ಡಬ್ಬಿಯೊಳಗಿನ ವಿಶಲ್

ಗೇಟು ದಾಟಿದ ಕೂಡಲೇ ಮೊಟ್ಟೆ ಬೇಯಿಸಿದ ನೀರಿನ ವಾಸನೆ ಬಂತು. ಬೇರೆಯವರಿಗೆ ಅದು ಶಾಲೆಯ ಮಧ್ಯಾಹ್ನದ ಊಟದ ವಾಸನೆ, ಅಷ್ಟೇ. ನಾನು ಮಾತ್ರ ಬಿಚ್ಚಿದ ಕೊಡೆಯನ್ನು ಮಡಚುವುದನ್ನೂ ಮರೆತು ಜಗುಲಿಯ ಒಳಗಿನವರೆಗೂ ಹಾಗೇ ನಡೆದುಬಿಟ್ಟೆ. ಮಕ್ಕಳು ನಕ್ಕವು.

ಮೊನ್ನೆ ನವೆಂಬರಿನ ಮಾತು. ಚಾಮರಾಜಪೇಟೆಯ ಈ ಅನುದಾನಿತ ಶಾಲೆಯಲ್ಲಿ ನಾನು ಹನ್ನೊಂದು ವರ್ಷ ಕನ್ನಡ ಪಾಠ ಮಾಡಿದ್ದೇನೆ. ಆಮೇಲೆ ಕೆಲಸ ಬಿಟ್ಟು ಟೀವಿ ಧಾರಾವಾಹಿಗಳಿಗೆ ಸಂಭಾಷಣೆ ಬರೆಯಲು ಹೋದೆ. ಈಗ ರಾಜ್ಯೋತ್ಸವಕ್ಕೆ ಅದೇ ಶಾಲೆ ನನ್ನನ್ನು ಮುಖ್ಯ ಅತಿಥಿಯಾಗಿ ಕರೆದಿತ್ತು. ಮುಖ್ಯೋಪಾಧ್ಯಾಯಿನಿ ವಿಶಾಲಾಕ್ಷಿ ಮೇಡಂ ಫೋನಿನಲ್ಲಿ, "ಟೀವಿಗೆ ಬರೆಯೋರು ನಮ್ಮ ಸ್ಕೂಲಿನವ್ರೇ ಅಂತ ಮಕ್ಕಳಿಗೆ ಗೊತ್ತಾಗ್ಲಿ ವಸುಧಾ, ಇಲ್ಲ ಅನ್ಬೇಡಿ" ಎಂದಿದ್ದರು. ಮೂರು ವರ್ಷದ ಹಿಂದಿನ ಆ ಮಳೆಗಾಲ ಅವರಿಗೆ ಮರೆತುಹೋಗಿದೆಯೋ, ಮರೆತ ಹಾಗೆ ಇದ್ದಾರೋ ನನಗೆ ತಿಳಿಯಲಿಲ್ಲ. ಎರಡು ಬೀದಿ ಆಚೆಯೇ ನಮ್ಮ ಮನೆ. ಆದರೂ ಆ ಮೂರು ವರ್ಷದಲ್ಲಿ ಒಂದು ಸಲವೂ ನಾನು ಆ ಗೇಟಿನ ಮುಂದೆ ಹಾದುಹೋಗಿರಲಿಲ್ಲ. ಮಾರ್ಕೆಟ್ಟಿಗೆ ಹೋಗಲೂ ಸುತ್ತು ಬಳಸಿಕೊಂಡು ಹೋಗುತ್ತಿದ್ದೆ.

ಆ ವರ್ಷ ಶಾಲೆ ಶುರುವಾದ ಎರಡನೇ ವಾರದಲ್ಲೇ ಗಲಾಟೆ ಎದ್ದಿತ್ತು. ಊಟದ ಜೊತೆ ಮಕ್ಕಳಿಗೆ ಮೊಟ್ಟೆ ಕೊಡುತ್ತಿದ್ದರು, ತಿನ್ನದವರಿಗೆ ಬಾಳೆಹಣ್ಣು. ಶಾಲೆಯಲ್ಲಿ ಕಾಟನ್‌ಪೇಟೆ, ಚಿಕ್ಕಪೇಟೆಯ ಹಮಾಲಿಗಳ, ಅಂಗಡಿ ಕೆಲಸದವರ ಮಕ್ಕಳೇ ಹೆಚ್ಚು. ಇಲ್ಲಿಯೇ ತಲೆಮಾರುಗಳಿಂದ ಇರುವ ಮನೆಗಳ ಕೆಲವು ಮಕ್ಕಳೂ ಇದ್ದರು. ಅಡುಗೆಯವರು ತಮಗೆ ಅನುಕೂಲ ಅಂತ ಮೊಟ್ಟೆಯವರನ್ನು ಹಿಂದಿನ ನಲ್ಲಿಯ ಹತ್ತಿರದ ಜಗುಲಿಯಲ್ಲೂ ಬಾಳೆಹಣ್ಣಿನವರನ್ನು ಮುಂದಿನ ಜಗುಲಿಯಲ್ಲೂ ಕೂರಿಸುತ್ತಿದ್ದರು. ಒಬ್ಬ ತಾಯಿ ಅದನ್ನು ಮೊಬೈಲಿನಲ್ಲಿ ಹಿಡಿದು ಪೋಷಕರ ಗುಂಪಿಗೆ ಹಾಕಿದರು. ಆಮೇಲೆ ಕೇಳಬೇಕೆ! ಒಂದು ಕಡೆಯಿಂದ ಒಬ್ಬ ವಕೀಲರು, ಶಾಲೆಯೊಳಗೆ ಮೊಟ್ಟೆಯೇ ಬರಕೂಡದು, ನಮ್ಮ ಮಕ್ಕಳ ಆಚಾರ ಕೆಡುತ್ತದೆ ಎಂದು ಬಂದರು. ಇನ್ನೊಂದು ಕಡೆಯಿಂದ ವಾರ್ಡಿನ ಒಬ್ಬ ಮುಖಂಡರು, ನಮ್ಮ ಮಕ್ಕಳನ್ನು ನಲ್ಲಿ ಹತ್ತಿರ ಕೂರಿಸಿ ಅವಮಾನ ಮಾಡುತ್ತೀರಾ ಎಂದು ಬಂದರು. ಗೇಟಿನ ಹೊರಗೆ ಎರಡು ಗುಂಪು, ನಡುವೆ ಒಬ್ಬ ಪೊಲೀಸಪ್ಪ, ಮೇಲೆ ಜಿನುಗುವ ಮಳೆ.

ಪೋಷಕರಿಗೆ ಒಂದು ಒಳ್ಳೆಯ ಕನ್ನಡದ ಸುತ್ತೋಲೆ ಬರೆದುಕೊಡಲು ವಿಶಾಲಾಕ್ಷಿ ಮೇಡಂ ಆಗಲೇ ಕೆಲಸ ಬಿಟ್ಟಿದ್ದ ನನ್ನನ್ನು ಕರೆಸಿದ್ದರು. ಆಫೀಸು ರೂಮಿನಲ್ಲಿ ಕೂತು ನಾನು 'ಮಾನ್ಯ ಪೋಷಕರೇ' ಎಂದು ಬರೆದು ಮುಂದಿನ ಸಾಲಿಗೆ ತಿಣುಕುತ್ತಿದ್ದೆ. ಅಷ್ಟರಲ್ಲಿ ಹೊರಗೆ ವಿಶಲ್ ಕೇಳಿತು.

ಊದಿದ್ದು ಪುಟ್ಟಸ್ವಾಮಿ ಮೇಷ್ಟ್ರು. ನಮ್ಮ ಪೀಟಿ ಮೇಷ್ಟ್ರು, ಮಾಗಡಿ ಕಡೆಯವರು. ಐವತ್ತು ದಾಟಿದ್ದರೂ ಸರ್ಕಾರಿ ಸಂಬಳವಿಲ್ಲ, ಆಡಳಿತ ಮಂಡಳಿಯವರು ವರ್ಷ ವರ್ಷ ಮುಂದುವರಿಸುವ ಕೆಲಸ. ಅವರ ವಿಶಲ್ ಇರುತ್ತಿದ್ದದ್ದು ಕತ್ತಿನಲ್ಲಿ ಅಲ್ಲ, ಒಂದು ಹಳೆಯ ಕನ್ನಡಕದ ಡಬ್ಬಿಯೊಳಗೆ. ಮೆರೂನ್ ಬಣ್ಣದ ಡಬ್ಬಿ, ಮುರಿದ ಕೀಲಿಗೆ ಗಾಯಕ್ಕೆ ಸುತ್ತುವ ಬಿಳಿ ಪಟ್ಟಿ. ಚಿಕ್ಕ ಮಕ್ಕಳು ವಿಶಲನ್ನು ಬಾಯಿಗಿಟ್ಟುಕೊಂಡು ಒಬ್ಬರ ನೆಗಡಿ ಒಬ್ಬರಿಗೆ ಹಂಚುತ್ತವೆ ಎಂದು ಅವೆನ್ಯೂ ರಸ್ತೆಯಲ್ಲಿ ವಿಶಲ್ ಕೊಂಡ ದಿನವೇ ಅವರು ಅದನ್ನು ಡಬ್ಬಿಗೆ ಹಾಕಿದ್ದರಂತೆ. ಅವರು ಜೇಬಿಗೆ ಕೈ ಹಾಕಿದರೆ ಸಾಕು, ಒಂದನೇ ಕ್ಲಾಸಿನವು ಡಬ್ಬಿ ತೆಗೆಯಲು ನಾ ಮುಂದು ತಾ ಮುಂದು ಎಂದು ಓಡಿಬರುತ್ತಿದ್ದವು.

ಇನ್ನೊಂದು ಪದ್ಧತಿ ಇತ್ತು ಅವರದು. ಪ್ರತಿ ವರ್ಷ ಜೂನಿನಲ್ಲಿ ಇಡೀ ಶಾಲೆಯನ್ನು ಎತ್ತರದ ಪ್ರಕಾರ ನಿಲ್ಲಿಸಿ ಪ್ರತಿ ತರಗತಿಯ ಮಕ್ಕಳಿಗೂ ಒಂದೊಂದು ನಂಬರು ಕೊಡುತ್ತಿದ್ದರು. ಬೆಳಗಿನ ಪ್ರಾರ್ಥನೆಗೆ ಆ ನಂಬರಿನಂತೆಯೇ ನಿಲ್ಲಬೇಕು. ಬೇಸಿಗೆ ರಜೆಯಲ್ಲಿ ಯಾರು ಎಷ್ಟು ಬೆಳೆದು ಎಷ್ಟು ನಂಬರು ಹಿಂದಕ್ಕೆ ಹೋದರು ಎನ್ನುವುದು ಜೂನ್ ತಿಂಗಳ ದೊಡ್ಡ ಸುದ್ದಿ. ಮೇಷ್ಟ್ರಿಗೆ ಮಕ್ಕಳ ಹೆಸರಿಗಿಂತ ನಂಬರೇ ಮೊದಲು ನಾಲಗೆಗೆ ಬರುತ್ತಿತ್ತು.

ಆ ದಿನ ಊಟದ ಹೊತ್ತಿಗೆ ಅವರು ಮಾಡಿದ್ದು ಇಷ್ಟೇ. ಒಂದು ವಿಶಲ್ ಊದಿದರು. ಅಭ್ಯಾಸಬಲದಿಂದ ಮಕ್ಕಳೆಲ್ಲ ತಟ್ಟೆ ಹಿಡಿದುಕೊಂಡೇ ಎತ್ತರದ ಪ್ರಕಾರ ನಿಂತವು. ಇನ್ನೊಂದು ಊದಿದರು, ಇದ್ದಲ್ಲೇ ಕೂತವು. ಮೊಟ್ಟೆಯ ಪಕ್ಕ ಬಾಳೆಹಣ್ಣು, ಬಾಳೆಹಣ್ಣಿನ ಪಕ್ಕ ಎರಡು ಮೊಟ್ಟೆ. ನಾಲ್ಕನೇ ಕ್ಲಾಸಿನಲ್ಲಿ ವಕೀಲರ ಮಗ ಎಂಟನೇ ನಂಬರು. ಕಾಟನ್‌ಪೇಟೆಯಲ್ಲಿ ಮೂಟೆ ಹೊರುವವರ ಮಗಳು ಭವ್ಯ ಒಂಬತ್ತನೇ ನಂಬರು. ಅವಳು ಮೊಟ್ಟೆ ಸುಲಿಯುವುದನ್ನು ಅವನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದ.

ವಕೀಲರು ಜಗುಲಿಗೆ ಬಂದು, "ಇದೇನ್ರೀ ಮೇಷ್ಟ್ರೇ, ಯಾರನ್ನ ಕೇಳಿ ಹೀಗೆ ಕೂರಿಸಿದ್ರಿ?" ಎಂದರು.

"ಎತ್ತರದ ಪ್ರಕಾರ ಸಾರ್. ಪ್ರೇಯರ್ಗೂ ಹಿಂಗೇ ನಿಲ್ತಾರೆ. ತಪ್ಪಾಗಿದ್ರೆ ಟೇಪು ತರ್ಸಿ ಅಳೀರಿ."

ಹಿಂದೆ ನಿಂತಿದ್ದ ಮುಖಂಡರು ಜೋರಾಗಿ ನಕ್ಕರು. ವಕೀಲರಿಗೂ ಬೇರೆ ದಾರಿಯಿಲ್ಲದೆ ನಗು ಬಂತು. ಟೇಪು ತರಿಸಿ ಅಳೆಯಿರಿ ಎಂದ ಮೇಲೆ ಯಾವ ಕಾನೂನು ತೆಗೆಯುವುದು? ಒಂದು ವಾರದೊಳಗೆ ಗೇಟಿನ ಹೊರಗಿನ ಗುಂಪು ಕರಗಿತು. ನನ್ನ ಸುತ್ತೋಲೆ 'ಮಾನ್ಯ ಪೋಷಕರೇ' ಎಂಬಲ್ಲಿಗೇ ನಿಂತುಹೋಯಿತು.

ಅಲ್ಲಿಗೆ ಬಿಟ್ಟಿದ್ದರೆ ಚೆನ್ನಾಗಿತ್ತು.

ಆಗ ನಾನು ಬರೆಯುತ್ತಿದ್ದದ್ದು ವಾರಕ್ಕೊಂದು ಅಪರಾಧದ ಕತೆಗೆ. ಶನಿವಾರ ಸಂಜೆ ಏಳೂವರೆಗೆ ಹೆಣ, ಎಂಟೂವರೆಯೊಳಗೆ ಕೊಲೆಗಾರನ ಕೈಗೆ ಕೋಳ. ಪೇಪರಿನಲ್ಲಿ ಶಾಲೆಯ ಜಗಳ ಏನಾದರೂ ಬಂದರೆ ಚಾನೆಲ್ಲಿಗೆ ಅದರ ಮೇಲೊಂದು ಕತೆ ಬೇಕಾಗುತ್ತಿತ್ತು. ಅಂಥವನ್ನು ಅಷ್ಟರಲ್ಲಾಗಲೇ ನಾನು ಮೂರು ಬರೆದಿದ್ದೆ. ಒಂದು ಯೂನಿಫಾರಂ ಮೇಲೆ, ಒಂದು ಪ್ರಾರ್ಥನೆ ಮೇಲೆ, ಒಂದು ಶಾಲೆಯ ನಾಟಕದ ಮೇಲೆ. ಮೂರೂ ಒಂದೇ ಅಚ್ಚಿನವು. ಮೊದಲ ದೃಶ್ಯದಲ್ಲಿ ಗೇಟಿನ ಮುಂದೆ ಘೋಷಣೆ, ಮೈಕು ಹಿಡಿದ ವರದಿಗಾರ್ತಿ. ಎರಡನೆಯದರಲ್ಲಿ ಹೆಡ್‌ಮಿಸ್ ಲೈಬ್ರರಿಯಲ್ಲಿ ಸತ್ತು ಬಿದ್ದಿರಬೇಕು. ಅಲ್ಲಿಂದ ಈ ಕಡೆಯ ಮುಖಂಡನ ಮೇಲೆ ಅನುಮಾನ, ಆ ಕಡೆಯ ಮುಖಂಡನ ಮೇಲೆ ಅನುಮಾನ. ಎರಡನೇ ಬ್ರೇಕು ಮುಗಿದ ಮೇಲೆ ಜಗಳದ ಸೊಲ್ಲೇ ಇಲ್ಲ. ಕೊಲೆಗೆ ಕಾರಣ ಹಳೇ ಪ್ರೇಮವೋ ಸೈಟಿನ ಕಾಗದವೋ ಆಗಿರುತ್ತದೆ. ಕೊನೆಯಲ್ಲಿ ಇನ್‌ಸ್ಪೆಕ್ಟರ್ ಮಕ್ಕಳ ಮುಂದೆ ನಿಂತು ನಾವೆಲ್ಲ ಒಂದೇ ಎಂದು ಭಾಷಣ ಮಾಡುತ್ತಾನೆ, ಹಿಂದೆ ಪಿಟೀಲು. ಜಗಳ ಯಾಕೆ ಬಂತು, ಮಕ್ಕಳು ಮಾರನೆಯ ದಿನ ಎಲ್ಲಿ ಕೂತರು ಎಂದು ಯಾರೂ ಕೇಳುವುದಿಲ್ಲ. ನಾನೂ ಕೇಳಿರಲಿಲ್ಲ.

ನಮ್ಮತ್ತೆ ಮೊದಲ ಬ್ರೇಕಿಗೇ ಕೊಲೆಗಾರನನ್ನು ಹೇಳಿಬಿಡುತ್ತಿದ್ದರು. ಒಂದು ಸಲವೂ ತಪ್ಪುತ್ತಿರಲಿಲ್ಲ. ಹೇಗಮ್ಮ ಎಂದರೆ, "ಯಾವ ಕಡೇಗೂ ಸೇರದೆ ಎಲ್ರಿಗೂ ಒಳ್ಳೇದು ಮಾಡ್ಕೊಂಡು ಓಡಾಡ್ತಿರ್ತಾನಲ್ಲ, ಅವ್ನೇ ಕಣೇ. ಅವನ ಪರ ಗಲಾಟೆ ಮಾಡೋಕೆ ಯಾರೂ ಬರಲ್ಲ ನೋಡು" ಎನ್ನುತ್ತಿದ್ದರು. ನಾನು ನಗುತ್ತಿದ್ದೆ.

ಜುಲೈಯಲ್ಲಿ ಗಾಂಧಿ ಬಜಾರಿನ ಹತ್ತಿರದ ಮಹಡಿ ಆಫೀಸಿನಲ್ಲಿ ನಮ್ಮ ಕತೆ ವಿಭಾಗದ ಮುಖ್ಯಸ್ಥ ಕಿರಣ್ ಇನ್ನೊಂದು ಶಾಲೆ ಕತೆ ಕೇಳಿದ. ನನ್ನ ಅರ್ಧ ವಯಸ್ಸಿನ ಹುಡುಗ, ಒಳ್ಳೆಯವನೇ. ನಾನು ಹುಮ್ಮಸ್ಸಿನಲ್ಲಿ ಮೊಟ್ಟೆಯ ಕತೆ ಹೇಳಿದೆ. ಪೀಟಿ ಮೇಷ್ಟ್ರು ವಿಶಲ್ ಊದಿ ಜಗಳ ಬಿಡಿಸಿದ್ದು, ಟೇಪಿನ ಮಾತು, ಎಲ್ಲ. ಅವನಿಗೆ ಬಹಳ ಹಿಡಿಸಿತು. ಚಾನೆಲ್ಲಿಗೆ ಹೋಗಿ ವಾಪಸು ಬಂದಾಗ ಕತೆಯ ಮೈಮೇಲೆಲ್ಲ ಕೆಂಪು ಗೆರೆ.

"ಮೊಟ್ಟೆ ಬೇಡ್ವಂತೆ ಮೇಡಂ. ಪ್ರಾಯೋಜಕರು ತುಪ್ಪದ ಕಂಪನಿಯವ್ರು. ಸ್ಕೂಲ್ ಡೇ ಡ್ಯಾನ್ಸ್ ಮೇಲೆ ಜಗಳ ಅಂತ ಮಾಡಿ. ಆದ್ರೆ ಜಗಳ ಕಣ್ಣಿಗೆ ಕಾಣ್ಬೇಕು, ಮಕ್ಕಳು ಊಟಕ್ಕೆ ಎರಡು ಸಾಲಾಗಿ ಕೂತಿರೋದು ಇರ್ಲಿ. ಮತ್ತೆ ಕೊಲೆಗಾರ ಈ ಕಡೆಯವನೂ ಆಗ್ಬಾರ್ದು, ಆ ಕಡೆಯವನೂ ಆಗ್ಬಾರ್ದು. ಎರಡು ಕಡೆಯವ್ರೂ ಕೇಸ್ ಹಾಕ್ತಾರೆ."

"ಮತ್ಯಾರು?"

"ಪೀಟಿ ಮೇಷ್ಟ್ರು ಇದಾರಲ್ಲ. ಅವ್ರಿಗೆ ಯಾವ ಕಡೇನೂ ಇಲ್ಲ."

ಆಗಲೇ ಎದ್ದು ಬರಬೇಕಿತ್ತು. ನಾನು ಎದ್ದು ಬರಲಿಲ್ಲ. ಮನೆಗೆ ಬಂದು ಕೂತು ಹೆಸರು ಬದಲಾಯಿಸಿದೆ, ಊರು ಬದಲಾಯಿಸಿದೆ, ಮೇಷ್ಟ್ರಿಗೆ ಮೀಸೆ ಕೊಟ್ಟೆ, ವಯಸ್ಸು ಇಳಿಸಿದೆ. ಇನ್ನು ಯಾರಿಗೂ ಗೊತ್ತಾಗುವುದಿಲ್ಲ ಎಂದು ನನಗೆ ನಾನೇ ಶಹಭಾಸ್ ಹೇಳಿಕೊಂಡೆ. ಆದರೆ ಕೊಲೆಗಾರ ಸಿಕ್ಕಿಬೀಳಲು ಒಂದು ಸುಳಿವು ಬೇಕಿತ್ತು. ದೃಶ್ಯದ ಹಾಳೆಯಲ್ಲಿ ಬಲಗಡೆಗೆ, ಶೂಟಿಂಗಿಗೆ ಬೇಕಾದ ಸಾಮಾನು ಬರೆಯುವ ಜಾಗವಿರುತ್ತದೆ. ಅಲ್ಲಿ ನನ್ನ ಕೈ ತಾನಾಗಿ ಬರೆಯಿತು: 'ಕನ್ನಡಕದ ಡಬ್ಬಿ, ಒಳಗೆ ವಿಶಲ್.'

ಮಾರನೆಯ ದಿನ ಕಲಾ ವಿಭಾಗದವರು ಮೆಸೇಜು ಹಾಕಿದರು, "ಮೇಡಂ, ಡಬ್ಬಿಗೆ ರೆಫರೆನ್ಸ್ ಫೋಟೋ ಇದ್ರೆ ಕಳ್ಸಿ." ನಮ್ಮಲ್ಲಿ ಅದು ದಿನಾ ನಡೆಯುವ ವ್ಯವಹಾರ. ಹಳೇ ಮಂಚ ಎಂದು ಬರೆದರೆ ಮಂಚದ ಫೋಟೋ ಕಳಿಸಬೇಕು, ಕುಂಕುಮದ ಭರಣಿ ಎಂದರೆ ಭರಣಿಯದು. ಒಲೆಯ ಮೇಲೆ ಸಾರು ಕುದಿಯುತ್ತಿತ್ತು. ಒಂದು ಕೈಯಲ್ಲಿ ಸೌಟು ಹಿಡಿದು ಇನ್ನೊಂದು ಕೈಯಲ್ಲಿ ಫೋನು ತಡಕಿದೆ. ಯಾವುದೋ ಶಿಕ್ಷಕರ ದಿನಾಚರಣೆಯಲ್ಲಿ ತೆಗೆದ ಫೋಟೋ ಸಿಕ್ಕಿತು. ಮೇಷ್ಟ್ರ ಅಂಗೈ ಮೇಲೆ ಡಬ್ಬಿ, ಅದರ ಸುತ್ತ ಮಕ್ಕಳ ಬೆರಳುಗಳು. ಬೆರಳುಗಳನ್ನು ಕತ್ತರಿಸಿ, ಡಬ್ಬಿಯನ್ನಷ್ಟೇ ಉಳಿಸಿ ಕಳಿಸಿದೆ. ಸಾರಿಗೆ ಉಪ್ಪು ಹಾಕಿದ್ದೇನೋ ಇಲ್ಲವೋ ಎನ್ನುವುದೇ ಆಗ ನನಗೆ ದೊಡ್ಡ ಯೋಚನೆಯಾಗಿತ್ತು.

ಆಗಸ್ಟಿನ ಒಂದು ಸೋಮವಾರ ಪ್ರೋಮೋ ಬಂತು. ಮಿಂಚು, ಗುಡುಗು, ಲೈಬ್ರರಿಯ ನೆಲದ ಮೇಲೊಂದು ಕೈ. ಆ ಕೈಯ ಪಕ್ಕ ಮೆರೂನ್ ಡಬ್ಬಿ, ಕೀಲಿಗೆ ಬಿಳಿ ಪಟ್ಟಿ, ಅದೇ ಕೋನದಲ್ಲಿ ಸುತ್ತಿದ್ದು. ಕಲಾ ವಿಭಾಗದವರು ಅಷ್ಟು ನಿಷ್ಠೆಯಿಂದ ಕೆಲಸ ಮಾಡಿದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ಕಿರಣನಿಗೆ ಫೋನು ಮಾಡಿ, "ಆ ಡಬ್ಬಿನ ಸ್ವಲ್ಪ ಮಸುಕು ಮಾಡೋಕಾಗತ್ತೇನಪ್ಪಾ?" ಎಂದೆ.

"ಅಯ್ಯೋ ಮೇಡಂ, ಡಬ್ಬಿನೇ ಕ್ಲೂ. ಕ್ಲೂನೇ ಮಸುಕು ಮಾಡಿದ್ರೆ ಜನ ಉಗೀತಾರೆ. ಯಾಕೆ, ಯಾರದ್ದಾದ್ರೂ ನಿಜವಾದ್ದಾ? ಹಾಗಿದ್ರೆ ಈಗ್ಲೇ ಹೇಳ್ಬಿಡಿ, ಲೀಗಲ್‌ಗೆ ಹೇಳ್ಬೇಕಾಗತ್ತೆ."

ಅದೊಂದು ಕ್ಷಣ ನನ್ನ ಕೈಯಲ್ಲಿತ್ತು. ಪಾತ್ರಗಳೆಲ್ಲ ಕಾಲ್ಪನಿಕ, ಯಾರನ್ನಾದರೂ ಹೋಲಿದರೆ ಹೊಣೆ ನನ್ನದೇ ಎಂದು ಸಹಿ ಹಾಕಿಕೊಟ್ಟ ಕಾಗದ ನೆನಪಾಯಿತು. ಇರುವ ಕೆಲಸವನ್ನು ಬಿಟ್ಟು ಈ ಕೆಲಸಕ್ಕೆ ಬಂದಿದ್ದೆ, ಇದೂ ಹೋದರೆ?

"ಇಲ್ಲಪ್ಪಾ, ಹಾಗೇನಿಲ್ಲ, ಸುಮ್ನೆ ಕೇಳ್ದೆ" ಎಂದೆ.

ಸೋಮವಾರದಿಂದ ಶನಿವಾರದವರೆಗೆ ನನಗೆ ಅನ್ನ ಸೇರಲಿಲ್ಲ. ಕರೆಂಟು ಹೋಗಲಿ ಎಂದು ಬೇಡಿಕೊಂಡೆ. ಯಾರಾದರೂ ದೊಡ್ಡ ರಾಜಕಾರಣಿ ರಾಜೀನಾಮೆ ಕೊಟ್ಟು ಧಾರಾವಾಹಿ ಬದಲು ಸುದ್ದಿ ಬರಲಿ ಎಂದೂ ಬೇಡಿಕೊಂಡೆ. ಶಾಲೆಯ ಮಕ್ಕಳು ಶನಿವಾರ ಸಂಜೆ ಟೀವಿ ನೋಡುವುದಿಲ್ಲ, ಈಗೆಲ್ಲ ಮೊಬೈಲು ಎಂದು ಸಮಾಧಾನ ಮಾಡಿಕೊಂಡೆ. ದಾರಿಯಲ್ಲಿ ಮೇಷ್ಟ್ರ ಥರದ ಬೆನ್ನು ಕಂಡರೂ ಹೂವಿನವಳ ಹತ್ತಿರ ನಿಂತು ಬೇಡದ ಕನಕಾಂಬರ ಕೊಳ್ಳುತ್ತಿದ್ದೆ. ಆ ವಾರ ನಮ್ಮ ದೇವರಿಗೆ ಎಂದೂ ಕಾಣದಷ್ಟು ಕನಕಾಂಬರ ಸಿಕ್ಕಿತು.

ಶನಿವಾರ ಅತ್ತೆಯ ಪಕ್ಕ ಕೂತು ನೋಡಿದೆ. ಮೊದಲ ಬ್ರೇಕಿಗೇ ಅವರು, "ಪೀಟಿ ಮೇಷ್ಟ್ರು" ಎಂದು ತೀರ್ಪು ಕೊಟ್ಟರು. ಕೊನೆಗೆ ಇನ್‌ಸ್ಪೆಕ್ಟರ್ ಡಬ್ಬಿಯನ್ನು ಎತ್ತಿ ಹಿಡಿದ. ಪರದೆಯ ತುಂಬ ಡಬ್ಬಿ. ಅತ್ತೆ ಕನ್ನಡಕ ಸರಿಮಾಡಿಕೊಂಡರು.

"ಇದು ನಿಮ್ಮ ಪುಟ್ಟಸ್ವಾಮಿ ಡಬ್ಬಿ ಅಲ್ವೇನೇ? ಹಬ್ಬಕ್ಕೆ ಮನೆಗೆ ಬಂದಾಗ ಇಲ್ಲೇ ಮೇಜಿನ ಮೇಲೆ ಇಟ್ಟಿದ್ರಲ್ಲ."

ಅವರು ನನ್ನ ಮುಖ ನೋಡಿದರು, ಮತ್ತೆ ಟೀವಿ ನೋಡಿದರು. "ನಿಂಗೇನು ಬಂದಿತ್ತೇ ಧಾಡಿ?" ಎಂದರು. ಹದಿನೆಂಟು ವರ್ಷದ ಸಂಸಾರದಲ್ಲಿ ಅವರು ನನಗೆ ಹಾಗೆ ಬೈದದ್ದು ಅದೇ ಮೊದಲು.

ಭಾನುವಾರದ ಹೊತ್ತಿಗೆ ಪೋಷಕರ ಗುಂಪಿನಲ್ಲಿ ಎರಡು ಚಿತ್ರ ಅಕ್ಕಪಕ್ಕ ಓಡಾಡುತ್ತಿದ್ದವು. ಒಂದು ಧಾರಾವಾಹಿಯ ಡಬ್ಬಿ, ಇನ್ನೊಂದು ಕ್ರೀಡಾದಿನದ ಫೋಟೋದಲ್ಲಿ ಮೇಷ್ಟ್ರ ಕೈಯಲ್ಲಿದ್ದ ಡಬ್ಬಿ. ಕೆಳಗೆ ನಗುವ ಮುಖಗಳು. ಸೋಮವಾರ ಅದು ನಗುವಿನಿಂದ ಮುಂದಕ್ಕೆ ಹೋಯಿತು. ಬೆಂಕಿ ಇಲ್ಲದೆ ಹೊಗೆ ಬರುತ್ತದೆಯೇ, ಚಾನೆಲ್ಲಿನವರಿಗೆ ಏನೋ ಗೊತ್ತಿರಬೇಕು, ಆ ಮನುಷ್ಯ ಯಾಕೆ ಎರಡೂ ಕಡೆಯವರ ಜೊತೆ ಚೆನ್ನಾಗಿದ್ದ ಎಂದು ಕೇಳಿದರು. ಜೂನಿನಲ್ಲಿ ಜಗಳ ಕಳೆದುಕೊಂಡಿದ್ದ ಎರಡು ಗುಂಪಿಗೂ ಈಗ ಒಬ್ಬನೇ ಮನುಷ್ಯ ಸಿಕ್ಕಿದ. ವಕೀಲರೂ ಮುಖಂಡರೂ ಮೊದಲ ಸಲ ಒಂದೇ ಅರ್ಜಿಗೆ ಸಹಿ ಹಾಕಿದರು. 'ಮಕ್ಕಳ ಮನಸ್ಸಿನ ದೃಷ್ಟಿಯಿಂದ' ಪೀಟಿ ಶಿಕ್ಷಕರನ್ನು ಕೆಲ ದಿನ ದೂರವಿಡಬೇಕಂತೆ. ಆಡಳಿತ ಮಂಡಳಿ ತಿಂಗಳ ಕೊನೆಗೆ ಸೇರಿ ತೀರ್ಮಾನಿಸುತ್ತದೆ ಎಂದು ವಿಶಾಲಾಕ್ಷಿ ಮೇಡಂ ಫೋನಿನಲ್ಲಿ ಹೇಳಿದರು. "ಆ ಸೀರಿಯಲ್ ಯಾರು ಬರೀತಾರೋ, ನಿಮ್ಗೇನಾದ್ರೂ ಗೊತ್ತಾ ವಸುಧಾ?" ಎಂದೂ ಕೇಳಿದರು. ನನ್ನ ಹೆಸರು ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ, ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಹೋಗುತ್ತದೆ. ನಾನು, "ವಿಚಾರಿಸ್ತೀನಿ ಮೇಡಂ" ಎಂದೆ.

ಆ ದಿನವೇ ಒಂದು ಪತ್ರ ಬರೆದೆ. ಈ ಕಂತನ್ನು ಬರೆದವಳು ನಾನು, ಡಬ್ಬಿಯ ಫೋಟೋ ಕಳಿಸಿದವಳು ನಾನು, ಆ ಮನುಷ್ಯ ಈ ಶಾಲೆಯ ಜಗಳವನ್ನು ಒಂದು ವಿಶಲಿನಲ್ಲಿ ನಿಲ್ಲಿಸಿದವರು, ಅವರ ಮೇಲೆ ಯಾವ ಕಳಂಕವೂ ಇಲ್ಲ. ಒಂದೇ ಪುಟ. ನಾನು ಬರೆದ ಅತ್ಯಂತ ಸರಳವಾದ ಕನ್ನಡ ಅದೇ ಇರಬೇಕು. ಅದನ್ನು ವ್ಯಾನಿಟಿ ಬ್ಯಾಗಿನಲ್ಲಿ ಇಟ್ಟುಕೊಂಡು ಒಂಬತ್ತು ದಿನ ಓಡಾಡಿದೆ. ಮಳೆಗೆ ಬ್ಯಾಗು ನೆನೆಯಿತು, ಮತ್ತೆ ಬರೆದೆ. ಬೀದಿಯ ತಿರುವಿನವರೆಗೂ ಹೋಗಿ ವಾಪಸು ಬಂದೆ. ಪತ್ರ ಮಂಡಳಿಯವರ ಕೈಗೆ ಹೋದರೆ ಚಾನೆಲ್ಲಿಗೂ ಹೋಗುತ್ತದೆ. ಚಾನೆಲ್ಲಿಗೆ ಹೋದರೆ ನನ್ನ ಕತೆ ಮುಗಿಯಿತು. ತಿಂಗಳ ಕೊನೆಗೆ ಇನ್ನೂ ದಿನವಿದೆಯಲ್ಲ, ನಾಳೆ ಕೊಟ್ಟರಾಯಿತು ಎನ್ನುತ್ತಲೇ ಒಂಬತ್ತು ನಾಳೆಗಳು ಹೋದವು. ಅತ್ತೆ ದಿನಾ ಸಂಜೆ ಕಾಫಿ ಕೊಡುವಾಗ, "ಕೊಟ್ಯಾ?" ಎಂದಷ್ಟೇ ಕೇಳುತ್ತಿದ್ದರು.

ಹತ್ತನೆಯ ದಿನ ಹೋದೆ. ಆಫೀಸು ರೂಮಿನಲ್ಲಿ ಮೇಡಂ ಎದುರು ಪುಟ್ಟಸ್ವಾಮಿ ಮೇಷ್ಟ್ರು ಕೂತಿದ್ದರು, ಇಸ್ತ್ರಿ ಮಾಡಿದ ಬಿಳಿ ಶರಟು. ಮೇಜಿನ ಮೇಲೆ ಅವರ ರಾಜೀನಾಮೆ ಪತ್ರ. ಹಿಂದಿನ ದಿನವೇ ಕೊಟ್ಟಿದ್ದರಂತೆ, ಈಗ ಸಾಮಾನಿನ ರೂಮಿನ ಬೀಗದ ಕೈ ಒಪ್ಪಿಸಲು ಬಂದಿದ್ದರು.

ನಾನು ನಿಂತುಕೊಂಡೇ ನನ್ನ ಪತ್ರವನ್ನು ಗಟ್ಟಿಯಾಗಿ ಓದಿದೆ. ಕೂತು ಓದುವ ಧೈರ್ಯವಿರಲಿಲ್ಲ.

"ಗೊತ್ತಿತ್ತು ಮೇಡಂ" ಎಂದರು ಮೇಷ್ಟ್ರು. "ಕೊನೇಲಿ ನಿಮ್ಮ ಹೆಸ್ರು ಬಂತಲ್ಲ. ಅವತ್ತೇ ಓದ್ಕೊಂಡೆ."

"ಮಂಡಳಿಯವ್ರು ಇನ್ನೂ ಏನೂ ಹೇಳಿಲ್ವಲ್ಲ ಮೇಷ್ಟ್ರೇ. ಈ ಪತ್ರ ಕೊಟ್ರೆ ಎಲ್ಲ ಸರಿಹೋಗತ್ತೆ. ನೀವ್ಯಾಕೆ ಬಿಡ್ತೀರಿ?"

"ಮಂಡಳಿಯವ್ರಿಗೆ ಹೆದ್ರಿ ಬಿಡ್ತಿಲ್ಲ. ಮೊನ್ನೆ ಪ್ರೇಯರ್ ಹೊತ್ನಲ್ಲಿ ಜೇಬಿಂದ ಡಬ್ಬಿ ತೆಗೆದೆ. ಚಿಕ್ಕವೆಲ್ಲ ಓಡ್ಬರ್ತಿದ್ವಲ್ಲ, ಯಾವ್ದೂ ಬರ್ಲಿಲ್ಲ. ಒಂಬತ್ತನೇ ನಂಬರು, ನಾಲ್ಕನೇ ಕ್ಲಾಸು ಭವ್ಯ, ಅವ್ಳು ಹಿಂದಕ್ಕೆ ಸರಿದ್ಳು. ಹಿಂದಿದ್ದ ಹುಡುಗೀಗೆ ಡಿಕ್ಕಿ ಹೊಡ್ದು ಬಿದ್ಳು. ಎತ್ತೋಕೆ ಹೋದ್ರೆ ಕಿರುಚಿದ್ಳು ಮೇಡಂ." ಅವರು ಬೀಗದ ಕೈಯನ್ನು ಮೇಜಿನ ಮೇಲೆ ನೆಟ್ಟಗೆ ಜೋಡಿಸಿದರು. "ನಂಗೆ ಇಪ್ಪತ್ತೆರಡು ವರ್ಷದಲ್ಲಿ ಒಂದು ಮಗೂನೂ ಹಂಗೆ ಹೆದ್ರಿರ್ಲಿಲ್ಲ."

ನಾನು ಅಳಲು ಶುರುಮಾಡಿದೆ. ಅವರು, "ಒಂದು ಕೇಳ್ಲಾ?" ಎಂದರು. "ಕೊಲೆ ಮಾಡ್ಸಿದ್ದು ಇರ್ಲಿ, ಅದು ನಿಮ್ಮ ಕೆಲ್ಸ. ಆದ್ರೆ ಅದ್ರಲ್ಲಿ ಮಕ್ಕಳನ್ನ ಎರಡು ಸಾಲು ಮಾಡಿ ಕೂರ್ಸಿದ್ರಲ್ಲ, ಕೊನೇವರ್ಗೂ ಹಂಗೇ ಬಿಟ್ಬಿಟ್ರಿ. ಯಾರಾದ್ರೂ ಒಬ್ರು ಎಬ್ಬಿಸ್ತಾರೆ ಅಂತ ಕೊನೇವರ್ಗೂ ನೋಡ್ತಾನೇ ಇದ್ದೆ."

ಅವರು ಹೋದ ಮೇಲೆ ವಿಶಾಲಾಕ್ಷಿ ಮೇಡಂ ನನ್ನ ಪತ್ರವನ್ನು ಮಡಚಿ ಡ್ರಾಯರಿಗೆ ಹಾಕಿದರು. "ಇದನ್ನ ಮಂಡಳಿ ಮುಂದೆ ಇಟ್ರೆ ಮೊಟ್ಟೆ ಕತೆ ಮತ್ತೆ ಎದ್ದು ಕೂರತ್ತೆ ವಸುಧಾ. ಅವ್ರು ಹೋಗೋದು ಹೇಗೂ ಹೋದ್ರು. ನಿಮ್ಮ ಹೊಟ್ಟೆಪಾಡು ಯಾಕೆ ಕೆಡಿಸ್ಕೋತೀರಿ?" ಎಂದರು. ನನಗೆ ನಾಚಿಕೆಯಾಗಬೇಕಿತ್ತು. ಆಯಿತು ಕೂಡ. ಆದರೆ ಅದಕ್ಕೆ ಮೊದಲು, ಅರೆಗಳಿಗೆ, ಎದೆ ಹಗುರವಾಯಿತು. ಆ ಹಗುರವನ್ನು ನಾನು ಇವತ್ತಿನವರೆಗೂ ಯಾರಿಗೂ ಹೇಳಿಲ್ಲ.

ಆ ದೀಪಾವಳಿಯ ಹೊತ್ತಿಗೆ ಅಪರಾಧದ ಕತೆ ಬಿಟ್ಟೆ. ಈಗ ಅತ್ತೆ-ಸೊಸೆ ಜಗಳ ಬರೆಯುತ್ತೇನೆ. ಸಾಮಾನಿನ ಫೋಟೋ ಕೇಳಿದರೆ ಅಂಗಡಿಗೆ ಹೋಗಿ ತನ್ನಿ ಎನ್ನುತ್ತೇನೆ. ಮೇಷ್ಟ್ರು ಮಾಗಡಿ ಕಡೆಗೇ ವಾಪಸು ಹೋದರು ಎಂದು ಯಾರೋ ಹೇಳಿದರು. ಅವರ ನಂಬರು ನನ್ನ ಫೋನಿನಲ್ಲಿ ಹಾಗೇ ಇತ್ತು. ಎಷ್ಟೋ ಸಲ ತೆಗೆದು ನೋಡಿದ್ದೇನೆ, ಒತ್ತಿಲ್ಲ.

ಮೊನ್ನೆ ರಾಜ್ಯೋತ್ಸವದ ಭಾಷಣವನ್ನು ಹೇಗೋ ಮುಗಿಸಿದೆ. ಮೇಡಂ ಮಕ್ಕಳಿಗೆ ಪ್ರಶ್ನೆ ಕೇಳಲು ಹೇಳಿದರು. ನಟಿಯರು ನಿಜವಾಗಿ ಅಳುತ್ತಾರಾ, ಮಳೆ ಹೇಗೆ ಬರಿಸುತ್ತೀರಿ ಎಂದೆಲ್ಲ ಕೇಳಿದರು. ಆಮೇಲೆ ಏಳನೇ ಕ್ಲಾಸಿನ ಸಾಲಿನಿಂದ ಎರಡು ಜಡೆಯ ಎತ್ತರದ ಹುಡುಗಿ ಎದ್ದು ನಿಂತಳು.

"ಮಿಸ್, ಪೀಟಿ ಸರ್ ಇನ್ನೂ ಜೈಲಲ್ಲೇ ಇದಾರಾ?"

"ಅದು ಕತೆ ಕಣಮ್ಮಾ. ಅವ್ರು ನಟರು, ಚೆನ್ನಾಗೇ ಇದಾರೆ" ಎಂದೆ.

"ಅವ್ರಲ್ಲ ಮಿಸ್. ನಮ್ಮ ಸರ್. ಪುಟ್ಟಸ್ವಾಮಿ ಸರ್."

ಮೇಡಂ ಕೆಮ್ಮಿ, ವಂದನಾರ್ಪಣೆಯವರನ್ನು ಕರೆಯಲು ಎದ್ದರು. ನಾನು ಮೈಕು ಬಿಡಲಿಲ್ಲ. "ಅವ್ರು ಯಾವ ಜೈಲಿಗೂ ಹೋಗಿಲ್ಲ. ಅವ್ರು ಏನೂ ತಪ್ಪು ಮಾಡಿಲ್ಲ. ಅವ್ರ ಡಬ್ಬಿಯ ಫೋಟೋನ ಟೀವಿಯವ್ರಿಗೆ ಕೊಟ್ಟಿದ್ದು ನಾನು. ಅವ್ರು ಸ್ಕೂಲು ಬಿಟ್ಟಿದ್ದು ನನ್ನಿಂದ" ಎಂದೆ. ಹೇಳಲು ಅಷ್ಟೇ ಹೊತ್ತು ಸಾಕಾಯಿತು. ಮೂರು ವರ್ಷ ಯಾಕೆ ಬೇಕಾಯಿತೋ!

ಕಾರ್ಯಕ್ರಮ ಮುಗಿದ ಮೇಲೆ ಊಟದ ಬೆಲ್ಲು ಹೊಡೆಯಿತು. ಹೊಸ ಪೀಟಿ ಟೀಚರ್, "ಮೊಟ್ಟೆ ಹಿಂದಕ್ಕೆ, ಬಾಳೆಹಣ್ಣು ಮುಂದಕ್ಕೆ" ಎಂದು ಕೂಗಿದರು. ಮಕ್ಕಳು ಅಭ್ಯಾಸದಂತೆ ಎರಡು ಕಡೆಗೆ ಹೋದವು. ಎರಡು ಜಡೆಯ ಹುಡುಗಿ ಮಾತ್ರ ತಟ್ಟೆ ಹಿಡಿದುಕೊಂಡು ನನ್ನ ಹತ್ತಿರ ಬಂದಳು.

"ನಾನು ಭವ್ಯ ಮಿಸ್. ಅವತ್ತು ಕಿರುಚಿದ್ದು ನಾನೇ" ಎಂದಳು. "ಸರ್ ನಂಬರ್ ಇದ್ಯಾ ನಿಮ್ಹತ್ರ?" ಎಂದು ಕೇಳಿದಳು.

"ಇದೆ."

"ಹಾಗಾದ್ರೆ ಮಾಡಿ."

ಮಾಡಿದೆ. ರಿಂಗಾಗುತ್ತಿದ್ದಷ್ಟು ಹೊತ್ತೂ ಎತ್ತದಿರಲಿ, ಎತ್ತದಿರಲಿ ಎಂದುಕೊಳ್ಳುತ್ತಿದ್ದೆ. ಆ ಕಡೆಯಿಂದ, "ಹೇಳಿ ಮೇಡಂ" ಎಂದರು. ನನ್ನ ನಂಬರನ್ನು ಅವರೂ ಅಳಿಸಿರಲಿಲ್ಲ. ಸ್ಪೀಕರ್ ಹಾಕಿ ಫೋನನ್ನು ಅವಳ ಕೈಗೆ ಕೊಟ್ಟೆ.

"ಸರ್, ನಾನು ಭವ್ಯ. ಒಂಬತ್ತನೇ ನಂಬರು."

ಆ ಕಡೆ ದೂರದಲ್ಲಿ ಯಾವುದೋ ಬಸ್ಸಿನ ಹಾರ್ನು ಕೇಳಿತು. ಆಮೇಲೆ ಅವರ ದನಿ, ಹಿಂದಿನ ಹಾಗೇ.

"ಓ, ಒಂಬತ್ತನೇ ನಂಬರಾ! ಬೆಳ್ದಿರ್ಬೇಕಲ್ಲಮ್ಮಾ. ಈಗ ಎಷ್ಟನೇ ನಂಬರು?"

ಭವ್ಯ ಹಿಂದಿನ ಜಗುಲಿಯನ್ನು ನೋಡಿದಳು, ಮುಂದಿನ ಜಗುಲಿಯನ್ನು ನೋಡಿದಳು.

"ಗೊತ್ತಿಲ್ಲ ಸರ್" ಎಂದಳು. "ಈಗ ಯಾರೂ ನಿಲ್ಸಲ್ಲ."